ಸ್ವಾಗತಗೀತೆಯ ವಿರುದ್ಧ ಮೇಲ್ಮನವಿ

ಕುಮಟೆಯ ಹಳೇ ಬಸ್‌ ನಿಲ್ದಾಣದ ಎದುರು, ಇನ್ನೂ ಬಾಗಿಲು ತೆರೆಯದ ಬಟ್ಟೆ ಅಂಗಡಿಯ ಮೆಟ್ಟಿಲ ಬುಡದಲ್ಲಿ ಕೂತು ಲಕ್ಕಿ ಗೌಡ ಹರಿವೆ ಸೊಪ್ಪಿನ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದರು. ನೀರು ಮನೆಯಿಂದ ಬಾಟಲಿಯಲ್ಲಿ ತಂದದ್ದು. ಪಕ್ಕದ ಹೋಟೆಲಿನವರು ನಲ್ಲಿ ನೀರು ಕೊಡಲು ತಯಾರಿದ್ದಾರೆ. ಆ ನೀರು ಬಿದ್ದರೆ ಹರಿವೆಯ ಮುಖ ಕಪ್ಪಾಗುತ್ತದೆ ಎಂಬುದು ಲಕ್ಕಿಯವರ ತಕರಾರು.

ಬ್ಯಾಂಕಿನ ಕಡೆ ಹೊರಟಿದ್ದ ಹೆಂಗಸೊಬ್ಬರು ಒಂದು ಕಟ್ಟು ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟರು.

"ಎಂತಾ ಇಷ್ಟು ಸಣ್ಣ ಕಟ್ಟು?"

"ಕಟ್ಟು ಸಣ್ಣದಲ್ಲ ತಂಗಿ. ನಿನ್ನ ಚೀಲ ದೊಡ್ಡದು."

ಹೆಂಗಸು ನಕ್ಕು ಎರಡು ಕಟ್ಟು ಕೊಂಡರು. ಅಷ್ಟರಲ್ಲಿ ಬೊಮ್ಮಯ್ಯ ರಸ್ತೆ ದಾಟಿ ಬಂದರು. ಇವರು ಲಕ್ಕಿಯವರ ಗಂಡನ ತಮ್ಮ, ಮರಳಕೊಪ್ಪದ ಕೋಲಕಾರ. ಅಂದರೆ, ಕೊಪ್ಪದಲ್ಲಿ ಯಾರ ಮನೆಯ ಮದುವೆಯಿರಲಿ, ಸಾವಿರಲಿ, ಪಂಚಾಯಿತಿಯಿರಲಿ, ಸುದ್ದಿಯನ್ನು ಮನೆಮನೆಗೆ ಹೋಗಿ ಬಾಯಲ್ಲಿ ಮುಟ್ಟಿಸುವ ಕೆಲಸ ಇವರದು. ಮೊಬೈಲು ಬಂದ ಮೇಲೂ ಆ ಕೆಲಸ ನಿಂತಿಲ್ಲ. ಫೋನಿನಲ್ಲಿ ಬಂದ ಸುದ್ದಿಯನ್ನು ಮರಳಕೊಪ್ಪದವರು ಸುದ್ದಿ ಎಂದು ಲೆಕ್ಕ ಹಿಡಿಯುವುದಿಲ್ಲ.

"ಅತ್ಗೆ, ಶಾನಭಾಗ ವಕೀಲ್ರು ಕರೀತಿದ್ರು. ಧಾರವಾಡದ ತೀರ್ಪು ಬಂತಂತೆ."

"ಗೆದ್ದದ್ದೋ, ಸೋತದ್ದೋ?"

"ಅದು ಹೇಳ್ಲಿಲ್ಲ. ನೀನೇ ಬರೂಕೆ ಬೇಕಂತೆ."

"ಗೆದ್ದಿದ್ರೆ ನಿನ್ನ ಹತ್ರನೇ ಹೇಳಿ ಕಳಿಸ್ತಿದ್ರು. ಸೋತಿದ್ರೂ ಹೇಳಿ ಕಳಿಸ್ತಿದ್ರು. ಇದು ಎಂತದೋ ನಡೂ ಮಧ್ಯದ್ದು," ಎಂದರು ಲಕ್ಕಿ. "ಕೂತ್ಕೋ. ಸೊಪ್ಪು ಖಾಲಿಯಾಗ್ಲಿ. ತೀರ್ಪು ಬಾಡೂದಿಲ್ಲ."

ಸೊಪ್ಪು ಖಾಲಿಯಾಗುವವರೆಗೆ ಬೊಮ್ಮಯ್ಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎಲೆ ಹಾಕಿಕೊಂಡರು.

ಮೊಕದ್ದಮೆ ಇರುವುದು ಒಂದು ಬಾವಿಯದು. ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಿಂದ ಸಮುದ್ರದ ಕಡೆ ಇಳಿದರೆ ಮರಳಕೊಪ್ಪ. ಹಾಲಕ್ಕಿ ಒಕ್ಕಲಿಗರ ಕೊಪ್ಪ, ನೆಲವೆಲ್ಲ ಮರಳು. ಮಳೆಗಾಲದಲ್ಲಿ ಭತ್ತ, ಆಮೇಲೆ ಈರುಳ್ಳಿ, ಹರಿವೆ, ಮೂಲಂಗಿ. ಲಕ್ಕಿಯವರ ಗದ್ದೆಯ ಮೂಲೆಯಲ್ಲಿ ಚಿರೆಕಲ್ಲು ಕಟ್ಟಿದ ಬಾವಿಯಿದೆ. ಮದುವೆಯಾದ ಹೊಸದರಲ್ಲಿ ಗಂಡ ಬೀರ ತೋಡಿದ್ದು, ಲಕ್ಕಿ ಮರಳು ಹೊತ್ತದ್ದು. ಬೀರ ತೀರಿಕೊಂಡು ವರ್ಷಗಳಾದವು. ಬಾವಿ ಬೇಸಿಗೆಯಲ್ಲೂ ಸಿಹಿನೀರು ಕೊಡುತ್ತಿದೆ. ಈ ತೀರದಲ್ಲಿ ಅದು ಸಣ್ಣ ಮಾತಲ್ಲ: ಸ್ವಲ್ಪ ಆಳಕ್ಕೆ ಹೋದರೆ ಉಪ್ಪುನೀರು. ಮೇಲಿನ ಮರಳು ಹಿಡಿದಿಟ್ಟುಕೊಂಡ ಮಳೆನೀರಷ್ಟೇ ಸಿಹಿ. ಬೋರ್‌ವೆಲ್ ಕೊರೆಸಿದ ನೆರೆಯ ಕೊಪ್ಪದವರು ಈಗ ಆ ನೀರಿನಲ್ಲಿ ಬೈಕು ತೊಳೆಯುತ್ತಾರೆ. ಬೈಕೂ ತುಕ್ಕು ಹಿಡಿಯುತ್ತಿದೆ.

ಘಟ್ಟದಿಂದ ಸಂತೆಗುಳಿಯ ಮೇಲೆ ಇಳಿದು, ಹೊನ್ನಾವರ ದಾಟಿ, ಭಟ್ಕಳದ ಹೊಸ ವಿದ್ಯುತ್ ಸ್ಟೇಶನ್ನಿಗೆ ಹೋಗುವ ಹೈಟೆನ್ಶನ್ ಲೈನನ್ನು ಖಾಸಗಿ ಕಂಪನಿಯೊಂದು ಎಳೆಯುತ್ತಿದೆ. ಆ ಕರೆಂಟು ಮರಳಕೊಪ್ಪದಲ್ಲಿ ಇಳಿಯುವುದಿಲ್ಲ, ಮೇಲಿಂದ ಹಾದುಹೋಗುತ್ತದೆ. ಇಳಿಯುವುದು ಟವರಿನ ಕಾಲು ಮಾತ್ರ. ನಾಲ್ಕರಲ್ಲಿ ಒಂದು ಕಾಲು ಲಕ್ಕಿಯವರ ಬಾವಿಯ ಮೇಲೆ. ಸ್ವಲ್ಪ ಪೂರ್ವಕ್ಕೆ ಸರ್ಕಾರದ ಬೋಳುಗುಡ್ಡವಿದೆ. ಅಲ್ಲಿ ಬಾವಿಯೂ ಇಲ್ಲ, ಬೆಳೆಯೂ ಇಲ್ಲ. ಆದರೆ ಅಲ್ಲಿಗೆ ಸರಿಸಿದರೆ ಲೈನು ಬಾಗುತ್ತದೆ. ಬಾಗಬಾರದು ಎಂಬುದು ಕಂಪನಿಯ ನಿಲುವು. ಬಾವಿಯ ಬದಲಿಗೆ ಬೋರ್‌ವೆಲ್ ಕೊರೆಸಿಕೊಡುವುದಾಗಿಯೂ ಅದು ಹೇಳಿದೆ.

ಇಂಥ ಲೈನುಗಳಿಗೆ ಪರವಾನಗಿ ಕೊಡುವುದು ಕರಾವಳಿ ಇಂಧನ ನಿಯಂತ್ರಣ ಪ್ರಾಧಿಕಾರ. ಕೊಡುವ ಮುಂಚೆ ಊರವರನ್ನು ಕೇಳಬೇಕು ಎಂದು ಅದರ ನಿಯಮ. ಕೇಳಲು ಎರಡು ವರ್ಷದ ಹಿಂದೆ ದಿವಾಕರ ಎಂಬ ಅಧಿಕಾರಿ ಮರಳಕೊಪ್ಪದ ಶಾಲೆಗೆ ಬಂದರು. ಅವರು ತುಮಕೂರು ಕಡೆಯವರು, ಸಜ್ಜನರು, ಬಿಸಿಲಿಗೆ ಬಳಲಿದ್ದರು. ಜೊತೆಗೆ ಕಂಪನಿಯ ಪರವಾಗಿ ಊರವರೊಡನೆ ಮಾತುಕತೆ ನಡೆಸುವ ಉದಯ, ಒಬ್ಬ ಕ್ಯಾಮೆರಾದವನು ಮತ್ತು ನೀರಿನ ಬಾಟಲಿಗಳ ಪೆಟ್ಟಿಗೆ.

ಮನೆ ಬಾಗಿಲಿಗೆ ಬಂದವರ ಮುಖಕ್ಕೆ "ಬೇಡ" ಎನ್ನುವುದು ಮರಳಕೊಪ್ಪದಲ್ಲಿ ಇಲ್ಲ. ಮೊದಲು ಬೆಲ್ಲ, ನೀರು, ಎಲೆ, ಅಡಿಕೆ. ಹೇಳಬೇಕಾದ ಕಠಿಣ ಮಾತನ್ನು ಹಾಡಿನಲ್ಲಿ ಹೇಳುವುದು. ಮದುವೆಯಲ್ಲಿ ಬೀಗರನ್ನು ಜರೆಯುವುದೂ ಹಾಗೆಯೇ: ಒಂದು ಕಡೆಯವರು ಹಾಡಿನಲ್ಲಿ ಜರೆಯುತ್ತಾರೆ, ಇನ್ನೊಂದು ಕಡೆಯವರು ಹಾಡಿನಲ್ಲೇ ಉತ್ತರ ಕೊಡಬೇಕು. ಸಿಟ್ಟು ಮಾಡುವಂತಿಲ್ಲ. ಉತ್ತರ ಬಾರದಿದ್ದರೆ ಜರೆದದ್ದನ್ನು ಒಪ್ಪಿದಂತೆ. ವಿಷಯ ಅಲ್ಲಿಗೆ ಮುಗಿಯಿತು. ಮುಗಿದ ಮೇಲೆ ಅದನ್ನೇ ಮತ್ತೆ ಬಾಯಿಮಾತಿನಲ್ಲಿ ಎತ್ತುವುದು, ಬಿದ್ದವರನ್ನು ತುಳಿದಂತೆ.

ಈ ಕಲೆಯಲ್ಲಿ ಲಕ್ಕಿಯವರಿಗೆ ದೊಡ್ಡ ಹೆಸರು. ಗಂಡಿನ ಕಡೆಯವರು ಅವರನ್ನು ಕರೆಯುವುದು ಹಾಡಿಸಲಿಕ್ಕೆ. ಹೆಣ್ಣಿನ ಕಡೆಯವರು ಕರೆಯುವುದು ಎದುರು ಪಕ್ಷಕ್ಕೆ ಸಿಗದಿರಲಿ ಎಂದು.

ಆ ದಿನ ಎಲೆ ಅಡಿಕೆ ಆದ ಮೇಲೆ ಲಕ್ಕಿ ಮತ್ತೈದು ಹೆಂಗಸರನ್ನು ಕಟ್ಟಿಕೊಂಡು ಶಾಮಿಯಾನದ ಮುಂದೆ ನಿಂತು ಹಾಡಿದರು. ಒಬ್ಬರು ಎತ್ತಿದ ಸಾಲನ್ನು ಉಳಿದವರು ಎಳೆದೆಳೆದು ಮತ್ತೆ ಹೇಳುವ ರೀತಿ.

ನಾಕು ಕಾಲಿನ ಮದುಮಗ ಬಂದಾನೆ
ನಿಲ್ಲೂಕೆ ಜಾಗಿಲ್ಲ ಅಂದಾನೆ
ನಮ್ಮ ಬಾವಿಲಿ ಕಾಲ ತೊಳೆದಾನೆ
ಕುಡಿಯೂಕೆ ನೀರಿಲ್ಲ ಅಂದಾನೆ
ಅವನಪ್ಪಂಗೆ ಕಣ್ಣಿಲ್ಲ, ಅವನವ್ವಂಗೆ ಕಿವಿಯಿಲ್ಲ
ಹೆಣ್ಣ ಕೊಡೂದಿಲ್ಲ, ಗುಡ್ಡಕೆ ಹೋಗಲಿ

ಹಾಡು ಮುಗಿದಾಗ ದಿವಾಕರ ಚಪ್ಪಾಳೆ ತಟ್ಟಿದರು. ಉದಯ ತಟ್ಟಿದರು. ಕ್ಯಾಮೆರಾದವನಿಗೆ ಕೈ ಖಾಲಿಯಿರಲಿಲ್ಲ. ಉತ್ತರದ ಹಾಡು ಯಾರ ಬಾಯಿಂದಲೂ ಬರಲಿಲ್ಲ. ಮರಳಕೊಪ್ಪದವರು ಮುಖ ಮುಖ ನೋಡಿಕೊಂಡರು. ಸೋತವರು ಚಪ್ಪಾಳೆ ತಟ್ಟಿದ್ದನ್ನು ಅವರು ನೋಡಿದ್ದು ಅದೇ ಮೊದಲು.

ಆಮೇಲೆ ದಿವಾಕರ ಎದ್ದು ನಿಂತು, ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದರು. ಬೊಮ್ಮಯ್ಯನವರ ಅಂಗಿಯ ಕಿಸೆಯಲ್ಲಿ ಶಾಲೆಯ ಮೇಷ್ಟರು ಬರೆದುಕೊಟ್ಟ ತಕರಾರು ಅರ್ಜಿಯಿತ್ತು. ಅವರು ಏಳಲು ನೋಡಿದರು. ಲಕ್ಕಿ ತೋಳು ಹಿಡಿದು ಕೂರಿಸಿದರು.

"ಆತು, ಬಿಡು ಬೊಮ್ಮಯ್ಯ. ಅವರಿಗೆ ಬಾಯೇ ಬರ್ಲಿಲ್ಲ, ಕಾಣ್ಲಿಲ್ವಾ? ಇನ್ನೆಂತಕ್ಕೆ ಪಾಪ, ಅಷ್ಟು ದೂರದಿಂದ ಬಂದವರ ಮಾನ ಕಳೆಯೂದು?"

ಅರ್ಜಿ ಕಿಸೆಯಲ್ಲೇ ಉಳಿಯಿತು. ಮಾರನೇ ದಿನ ಅಂಗಿಯ ಜೊತೆ ಒಗೆಯಲ್ಪಟ್ಟಿತು. ಅಧಿಕಾರಿಗಳು ಸಂತೋಷದಿಂದ ಕಾರು ಹತ್ತಿದರು. ಊರವರು ಸಂತೋಷದಿಂದ ಮನೆಗೆ ಹೋದರು. ಆ ಸಭೆಯಲ್ಲಿ ಸೋತವರು ಯಾರೂ ಇರಲಿಲ್ಲ.

ಕಂಪನಿ ಆ ಹಾಡಿನ ವಿಡಿಯೊವನ್ನು ತನ್ನ ಜಾಲತಾಣದಲ್ಲಿ ಹಾಕಿತು. ಅದರಲ್ಲಿ ಕ್ಯಾಮೆರಾ ಲಕ್ಕಿಯವರ ಮುಖಕ್ಕಿಂತ ಕೊರಳಿನ ಮಣಿಸರದ ಮೇಲೆ ಹೆಚ್ಚು ಹೊತ್ತು ನಿಂತಿದೆ. ನಡುವೆ ಓಂ ಬೀಚಿನ ಸೂರ್ಯಾಸ್ತವೂ ಬಂದು ಹೋಗುತ್ತದೆ. ಲೈನು ಆ ಕಡೆ ಸುಳಿಯುವುದೂ ಇಲ್ಲ. ಕೆಳಗೆ ಬರೆದದ್ದು: ಯೋಜನೆಗೆ ಗ್ರಾಮಸ್ಥರಿಂದ ಹಾರ್ದಿಕ ಸ್ವಾಗತ.

ಒಂದು ಬೆಳಿಗ್ಗೆ ಜೆಸಿಬಿ ಬಂತು. ಬಾವಿಯ ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಗುಣಾಕಾರದ ಚಿಹ್ನೆ ಬಿತ್ತು. ಲಕ್ಕಿ ಮೂಲಂಗಿ ಕೀಳುತ್ತಿದ್ದವರು ಎದ್ದು ಬಂದು ಉದಯ ಅವರನ್ನು ಕೇಳಿದರು:

"ಸೋತು ಹೋದವರು ಮತ್ತೆ ಬಂದ್ರಾ?"

"ಯಾರು ಸೋತದ್ದು ಅಮ್ಮಾ? ನೀವೇ ಹಾಡಿ ಸ್ವಾಗತ ಮಾಡಿದ್ದಲ್ವಾ?" ಎಂದರು ಉದಯ. ಅವರು ಅಣಕಿಸುತ್ತಿರಲಿಲ್ಲ. ಹಾಡು ಅವರಿಗೆ ನಿಜಕ್ಕೂ ಇಷ್ಟವಾಗಿತ್ತು. ಫೋನಿನ ರಿಂಗ್‌ಟೋನ್ ಮಾಡಿಕೊಂಡಿದ್ದರು.

ಕೃಷ್ಣಾನಂದ ಶಾನಭಾಗ ಬಹುಕಾಲ ಕುಮಟೆ ಕೋರ್ಟಿನಲ್ಲಿ ಬೇಲಿ, ಬಾಂದು, ಪಾಲುಪಟ್ಟಿಗಳ ದಾವೆ ನಡೆಸಿದವರು. ಲಕ್ಕಿಯವರಿಂದ ತರಕಾರಿ ಕೊಳ್ಳುವವರು. ಚೌಕಾಸಿಯಲ್ಲಿ ಒಮ್ಮೆಯೂ ಗೆಲ್ಲದವರು. ತಮ್ಮ ಕಚೇರಿಗೆ ಬಂದ ಲಕ್ಕಿಯವರೆದುರು ಪ್ರಾಧಿಕಾರದ ಆದೇಶದ ಪ್ರತಿಯನ್ನು ಓದುತ್ತಾ ಅವರು ನಗತೊಡಗಿದರು. ಲಕ್ಕಿ ನಗಲಿಲ್ಲ. ಅವರೂ ನಿಲ್ಲಿಸಿದರು.

"ನೀನು ಸ್ವಾಗತ ಮಾಡಿದ್ದೀ ಅಂತ ಇದ್ರಲ್ಲಿ ಇದೆಯಲ್ಲೇ ಲಕ್ಕೀ."

"ಯಾರನ್ನ?"

"ಟವರನ್ನ. 'ಸ್ಥಳೀಯ ಮಹಿಳೆಯರು ಸಾಂಪ್ರದಾಯಿಕ ಸ್ವಾಗತಗೀತೆ ಹಾಡಿದರು. ತಾಂಬೂಲ ನೀಡಿ ಗೌರವಿಸಿದರು. ಯಾವುದೇ ಆಕ್ಷೇಪಣೆ ಬರಲಿಲ್ಲ.' ಹೀಗೆ ಬರ್ದಿದ್ದಾರೆ."

"ಹೆಣ್ಣು ಕೊಡೂದಿಲ್ಲ ಅಂದಿದ್ದೆ ನಾನು. ಅದು ಸ್ವಾಗತ ಹ್ಯಾಂಗಾತು?"

"ಬಾಯಲ್ಲಿ ಒಂದು ಮಾತು ಹೇಳಿದ್ರೆ ಸಾಕಿತ್ತು ಮಾರಾಯ್ತಿ. ಬೇಡ. ಎರಡೇ ಅಕ್ಷರ."

"ಮನೆಗೆ ಬಂದವರಿಗಾ?" ಎಂದರು ಲಕ್ಕಿ.

ಪ್ರಾಧಿಕಾರದ ಆದೇಶದ ಮೇಲೆ ಧಾರವಾಡದ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು; ಗಡುವು ಮುಗಿಯಲು ಕೆಲವೇ ದಿನ ಉಳಿದಿತ್ತು. ತೊಡಕು ಗಡುವಿನದಲ್ಲ. ಆಕ್ಷೇಪಣೆ ಮಾಡಿದವರು ಮಾತ್ರ ಮೇಲ್ಮನವಿ ಮಾಡಬಹುದು, ದಾಖಲೆಯಲ್ಲಿ ಆಕ್ಷೇಪಣೆಯೇ ಇಲ್ಲ. ಆದ್ದರಿಂದ ಹಾಡೇ ಆಕ್ಷೇಪಣೆ ಎಂದು ವಾದಿಸುವುದು ಬಿಟ್ಟು ಕೃಷ್ಣಾನಂದರಿಗೆ ಬೇರೆ ದಾರಿಯಿರಲಿಲ್ಲ. ಅವರು ಪ್ರಮಾಣಪತ್ರ ಬರೆಯಲು ಕೂತರು. 'ನಾಕು ಕಾಲಿನ ಮದುಮಗ ಎಂದರೆ ಪ್ರಸ್ತಾಪಿತ ಪ್ರಸರಣ ಗೋಪುರ. ಹೆಣ್ಣು ಎಂದರೆ ಅರ್ಜಿದಾರರ ಬಾವಿ. ಗುಡ್ಡ ಎಂದರೆ ಪೂರ್ವ ದಿಕ್ಕಿನ ಸರ್ಕಾರಿ ಜಮೀನು.' ಅಲ್ಲಿಯವರೆಗೆ ಸರಾಗವಾಗಿ ಹೋಯಿತು.

"ಈ ಕಣ್ಣಿಲ್ಲದ ಅಪ್ಪ ಯಾರು?"

"ಮದುಮಗನ ಅಪ್ಪ."

"ಅದು ಗೊತ್ತಾಯ್ತು. ಕಂಪನಿಯೋ, ಪ್ರಾಧಿಕಾರವೋ? ಪ್ರಾಧಿಕಾರಕ್ಕೆ ಕಣ್ಣಿಲ್ಲ ಅಂತ ಹೈಕೋರ್ಟಲ್ಲಿ ಬರ್ದು ಕೊಡೂಕಾಗ್ತದಾ?"

"ಯಾರಿಗೆ ಉರೀತದೋ ಅವರದ್ದು, ವಕೀಲ್ರೇ. ಬೀಗರ ಹಾಡಲ್ಲಿ ಹೆಸರು ಹಿಡಿಯೂದಿಲ್ಲ."

ಕೃಷ್ಣಾನಂದ ಆ ಸಾಲನ್ನು 'ಕುಟುಂಬದ ಹಿರಿಯರ ಕುರಿತ ಸಾಮಾನ್ಯ ಟೀಕೆ' ಎಂದು ಬರೆದು ಮುಂದೆ ಹೋದರು.

ಮೇಲ್ಮನವಿ ದಾಖಲಾಯಿತು, ಬಾವಿಯ ಹತ್ತಿರದ ಕೆಲಸ ತಾತ್ಕಾಲಿಕವಾಗಿ ನಿಂತಿತು. ಕೊಪ್ಪದೊಳಗೆ ಲಕ್ಕಿಯವರ ಸ್ಥಿತಿ ಸುಖವಾಗಿರಲಿಲ್ಲ. ಬೊಮ್ಮಯ್ಯ ಎದ್ದು ಅರ್ಜಿ ಕೊಡುತ್ತಿದ್ದರು, ತಡೆದದ್ದು ಇವರೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಎದುರು ಯಾರೂ ಆಡಲಿಲ್ಲ, ಪದ್ಧತಿ ಗೊತ್ತೇ ಇದೆಯಲ್ಲ. ಆ ಬೇಸಿಗೆಯಲ್ಲಿ ಒಂದು ಮದುವೆಗೆ ಹೊನ್ನಾವರ ಕಡೆಯಿಂದ ಹೆಣ್ಣಿನ ದಿಬ್ಬಣ ಬಂತು. ಅವರ ಜೊತೆ ಬಂದಿದ್ದ ಹಾಡುಗಾರ್ತಿ ಕಮಲಿ ವಯಸ್ಸಿನಲ್ಲಿ ಲಕ್ಕಿಯವರಿಗಿಂತ ಸಾಕಷ್ಟು ಚಿಕ್ಕವರು. ಅವರು ಲಕ್ಕಿಯವರ ಕಡೆ ತಿರುಗಿ ಶುರು ಮಾಡಿದರು:

ಹಾಡಿ ಹಾಡಿ ಬಾವಿ ಕೊಟ್ಟ ಬೀಗಿತಿ
ಕೊಡವ ಹಿಡಿದು ಎಲ್ಲಿಗೆ ಹೋಗ್ತೀ

ಲಕ್ಕಿ ಬಾಯಿ ತೆರೆದರು. ಏನೂ ಬರಲಿಲ್ಲ, ಬಾಯಿ ಮುಚ್ಚಿದರು. ನಿಯಮದ ಪ್ರಕಾರ ಅವರು ಒಪ್ಪಿದಂತಾಯಿತು. ಊಟವಾದ ಮೇಲೆ ಕಮಲಿ ಬಂದು ಕೈ ಹಿಡಿದು, "ಸಿಟ್ಟಾಗ್ಬೇಡ ಅಕ್ಕಾ, ಹಾಡಿಗೆ ಹಾಡು ಅಷ್ಟೇ," ಎಂದರು. "ಹಾಡು ಚಲೋ ಇತ್ತು," ಎಂದರು ಲಕ್ಕಿ. "ನಾಲಿಗೆಗೆ ಇನ್ನೂ ಸ್ವಲ್ಪ ಉಪ್ಪು ಬೇಕು. ನಮ್ಮಲ್ಲಿ ಬೋರು ಕೊರೆದ ಮೇಲೆ ಬಾ, ಬೇಕಾದಷ್ಟು ಸಿಗ್ತದೆ."

ಧಾರವಾಡಕ್ಕೆ ಲಕ್ಕಿ ಹಲವು ಸಲ ಹೋದರು, ಶಿರಸಿ ಮೇಲಿನ ಬಸ್ಸಿನಲ್ಲಿ, ಘಟ್ಟದ ತಿರುವುಗಳಲ್ಲಿ ಸೆರಗು ಬಾಯಿಗೆ ಹಿಡಿದುಕೊಂಡು. ಹೆಚ್ಚಿನ ಸಲ ಮುಂದಿನ ತಾರೀಖು ಕೇಳಿಕೊಂಡು ಬಂದರು. ವಾದ ನಡೆದ ದಿನ ಹಿಂದಿನ ಬೆಂಚಿನಲ್ಲಿ ಬೊಮ್ಮಯ್ಯನವರ ಪಕ್ಕ ಕೂತಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿ ನಡೆಯಿತು.

ಹಾಡು ಹಾಡಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು ಎಂಬ ಚಿಂತೆ ಕೃಷ್ಣಾನಂದರಿಗೆ ಮೊದಲಿತ್ತು. ಅದನ್ನು ಕಂಪನಿಯೇ ಒದಗಿಸಿತು. ಊರವರ ಒಪ್ಪಿಗೆಗೆ ಪುರಾವೆಯೆಂದು ಅದರ ವಕೀಲರು ಆ ವಿಡಿಯೊವನ್ನು ಕೋರ್ಟಿನಲ್ಲಿ ತೋರಿಸಿದರು. ಗೋಡೆಯ ಪರದೆಯ ಮೇಲೆ ಮಣಿಸರ ಕಂಡಿತು, ಓಂ ಬೀಚು ಕಂಡಿತು, ಆರು ಹೆಂಗಸರ ದನಿ ಕೇಳಿತು. ಬೆಳಗಿನಿಂದ ಆ ಕೋಣೆಯಲ್ಲಿ ಆಡಿದ ಮಾತುಗಳಲ್ಲಿ ಲಕ್ಕಿಯವರಿಗೆ ಅರ್ಥವಾದದ್ದು ಅದೊಂದೇ.

ಹಾಡಿನ ಅನುವಾದ ಓದಿಸಿದ ಮೇಲೆ ಕಂಪನಿಯ ವಕೀಲರು, ಮದುಮಗ ಎಂಬುದು ನಮ್ಮ ಸಂಸ್ಕೃತಿಯಲ್ಲಿ ಗೌರವದ ಸಂಬೋಧನೆ ಎಂದರು. ಹೆಣ್ಣು ಕೊಡುವುದಿಲ್ಲ ಎಂಬುದೂ ಗೌರವವೇ ಎಂದು ನ್ಯಾಯಮೂರ್ತಿಗಳು ಕೇಳಿದರು. ಅದು ಕಾವ್ಯದ ಅಲಂಕಾರ ಎಂಬ ಉತ್ತರ ಬಂತು.

ಆಮೇಲೆ ನ್ಯಾಯಮೂರ್ತಿಗಳು ಕೃಷ್ಣಾನಂದರ ಕಡೆ ತಿರುಗಿದರು. ಅಧಿಕಾರಿ ಕೇಳಿದಾಗ ಒಬ್ಬರೂ ಯಾಕೆ ಏಳಲಿಲ್ಲ? ಕೃಷ್ಣಾನಂದ ಪದ್ಧತಿಯನ್ನು ವಿವರಿಸಿದರು. ಜರೆದ ಹಾಡಿಗೆ ಉತ್ತರ ಬಾರದಿದ್ದರೆ ಎದುರು ಪಕ್ಷ ಒಪ್ಪಿದ ಹಾಗೆ.

"ಹಾಗಾದರೆ ಆ ದಿನ ಪ್ರಾಧಿಕಾರ ಸೋತಿತ್ತು ಅನ್ನುತ್ತೀರಾ?"

"ಹೌದು."

"ತಾನೊಂದು ಪಂದ್ಯದಲ್ಲಿದ್ದೇನೆ ಎಂಬುದು ಪ್ರಾಧಿಕಾರಕ್ಕೆ ತಿಳಿದಿತ್ತೇ?"

"ಇಲ್ಲ. ತಾವು ಒಪ್ಪಿಗೆ ಕೊಡುತ್ತಿದ್ದೇವೆ ಎಂಬುದೂ ಊರವರಿಗೆ ತಿಳಿದಿರಲಿಲ್ಲ."

ಹೊರಗೆ ಬಂದಾಗ ಬೊಮ್ಮಯ್ಯ ಕೇಳಿದರು: "ಅತ್ಗೆ, ಎಂತ ಹೇಳಿದ್ರು ಒಳಗೆ?"

"ನಂಗೆಂತ ಗೊತ್ತು? ಎರಡನೇ ಸಾಲಲ್ಲಿ ನಮ್ಮ ಗಣಪಿ ರಾಗ ತಪ್ಪಿದ್ದಾಳೆ, ಅದು ಕೇಳ್ತು. ದೊಡ್ಡ ಸ್ಪೀಕರಲ್ಲಿ ಎಲ್ಲಾ ಗೊತ್ತಾಗ್ತದೆ."

ಅದಾದ ಮೇಲೆ ತೀರ್ಪಿಗೆ ಕಾಯ್ದದ್ದು. ಆ ತೀರ್ಪೇ ಈಗ ಬಂದದ್ದು.

ಹರಿವೆ ಮುಗಿದ ಮೇಲೆ ಲಕ್ಕಿ ಗೋಣಿತಾಟು ಮಡಚಿ, ಉಳಿದ ನಾಲ್ಕು ಬದನೆಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ವಕೀಲರ ಕಚೇರಿಯ ಮೆಟ್ಟಿಲು ಹತ್ತಿದರು. ಬದನೆಯನ್ನು ಮೇಜಿನ ಮೇಲೆ ಇಟ್ಟರು. ಕೃಷ್ಣಾನಂದ ಕನ್ನಡಕ ಏರಿಸಿ ಹೇಳಿದರು: ಹಾಡು ನಿಯಮದಲ್ಲಿ ಹೇಳಿದ ಆಕ್ಷೇಪಣೆ ಅಲ್ಲ ಎಂದು ಕೋರ್ಟು ತೀರ್ಮಾನಿಸಿದೆ. ಹಾಗೆಯೇ ಅದು ಒಪ್ಪಿಗೆಯೂ ಅಲ್ಲ. ಊರವರನ್ನು ಸರಿಯಾಗಿ ಕೇಳಿಯೇ ಇಲ್ಲದ್ದರಿಂದ, ಆಕ್ಷೇಪಣೆ ಇಲ್ಲವೆಂದು ಮೇಲ್ಮನವಿಯನ್ನು ತಳ್ಳಿಹಾಕುವಂತಿಲ್ಲ. ಅರ್ಥ ತಿಳಿಯದ ಹಾಡನ್ನು ಒಪ್ಪಿಗೆಯೆಂದು ಬರೆದುಕೊಂಡದ್ದರಿಂದ ಈ ಟವರಿನ ಮಟ್ಟಿಗೆ ಪರವಾನಗಿ ರದ್ದು. ಪ್ರಾಧಿಕಾರ ಮತ್ತೆ ಮರಳಕೊಪ್ಪಕ್ಕೆ ಬಂದು, ಊರವರನ್ನು ಹೊಸದಾಗಿ ಕೇಳಿ, ಹೊಸದಾಗಿ ತೀರ್ಮಾನ ಕೊಡಬೇಕು. ಅಲ್ಲಿಯವರೆಗೆ ಬಾವಿಯನ್ನು ಮುಟ್ಟುವಂತಿಲ್ಲ.

"ಅಂದ್ರೆ ಮತ್ತೆ ಮೊದಲಿಂದ," ಎಂದರು ಲಕ್ಕಿ.

"ಮೊದಲಿಂದಲೇ. ಈ ಸಲ ಬಾಯಲ್ಲಿ ಹೇಳ್ಬೇಕು, ಲಕ್ಕೀ. ಹೇಳದಿದ್ರೆ ನಾನಂತೂ ಮತ್ತೆ ಧಾರವಾಡಕ್ಕೆ ಹೋಗೂದಿಲ್ಲ. ಟವರು ಬೇಡ, ಬಾವಿ ಬೇಕು, ಗುಡ್ಡಕ್ಕೆ ಸರಿಸಿ. ಇಷ್ಟೇ. ಹೇಳು ನೋಡ್ವಾ."

"ಈಗಲಾ?"

"ಈಗ. ನಾನೇ ಆ ದಿವಾಕರ ಅಂತ ತಿಳ್ಕೋ."

ಲಕ್ಕಿ ಅವರನ್ನು ನೋಡಿದರು. ಸೆರಗು ಸರಿಮಾಡಿಕೊಂಡರು. "ನೀವು ಕೂತ್ಕೊಳ್ಳಿ, ಆಸರಿಗೆ ಎಂತ ಬೇಕು, ಬೆಲ್ಲ-ನೀರು ತರ್ಲಾ?" ಎಂದರು. ಬೊಮ್ಮಯ್ಯ ಬಾಗಿಲ ಕಡೆ ಮುಖ ತಿರುಗಿಸಿ ನಕ್ಕರು. ಎರಡನೇ ಸಲ ಲಕ್ಕಿ, "ಟವರು," ಎಂದು ನಿಲ್ಲಿಸಿದರು. ಆ ಪದ ಗಂಟಲಲ್ಲಿ ರಾಗ ಹುಡುಕುತ್ತಿತ್ತು. ಮೂರನೇ ಸಲ ಹೇಳಿದ್ದು ಪೂರ್ತಿಯಾಯಿತು, ಆದರೆ ಮೇಜಿನ ಕಾಲಿಗೆ ಹೇಳಿದಂತಿತ್ತು.

"ಮುಖ ನೋಡಿ ಹೇಳ್ಬೇಕಾ?"

"ಮುಖ ನೋಡಿ."

"ಹೆದರಿಕೆ ಅಲ್ಲ ವಕೀಲ್ರೇ. ನಾಚಿಕೆ," ಎಂದರು ಲಕ್ಕಿ.

ಕಂಪನಿಯೂ ತೀರ್ಪನ್ನು ಶ್ರದ್ಧೆಯಿಂದ ಓದಿದೆ. ಅದರಲ್ಲಿ ಮರಳಕೊಪ್ಪದ ಪದ್ಧತಿಯ ವಿವರ ಇದೆ. ಹಾಡಿಗೆ ಕಾನೂನಿನ ಬೆಲೆಯಿಲ್ಲ ಎಂಬುದೂ ಅದೇ ತೀರ್ಪಿನಲ್ಲಿದೆ. ಆದರೂ ಈ ಸಲ ಉತ್ತರವಿಲ್ಲದೆ ನಿಲ್ಲಬಾರದು ಎಂದು ಮೇಲಿನವರು ಹೇಳಿದ್ದರಿಂದ ಉದಯ ಹೊನ್ನಾವರಕ್ಕೆ ಹೋಗಿ ಕಮಲಿಯವರನ್ನು ಕಂಡು ಬಂದಿದ್ದಾರೆ. ಕಂಪನಿಯೇ ಬರೆಸಿದ ಹಾಡನ್ನೂ ಕೊಟ್ಟಿದ್ದಾರೆ. ಅಭಿವೃದ್ಧಿ ಎಂಬ ಪದ ಯಾವ ರಾಗದಲ್ಲೂ ಕೂರುವುದಿಲ್ಲ ಎಂದು ಕಮಲಿ ಅದನ್ನು ಎರಡು ಸಲ ತಿರುಗಿ ಕಳಿಸಿದರು. ಹಾಡುತ್ತೇನೆ ಎಂದೂ ಅವರು ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ.

ಪ್ರಾಧಿಕಾರ ಹೊಸ ಸೂಚನೆ ಹೊರಡಿಸಿದೆ. ಸಭೆಯಲ್ಲಿ ಹಾಡು, ಕುಣಿತ, ತಾಂಬೂಲಗಳನ್ನು ದಾಖಲೆಗೆ ತೆಗೆದುಕೊಳ್ಳುವುದಿಲ್ಲ. ಕರಾವಳಿಯ ಮಾತು ಬಲ್ಲ ಒಬ್ಬರನ್ನು ಅಧಿಕಾರಿಯ ಜೊತೆ ಕಳಿಸಲಾಗುತ್ತದೆ. ಅಧಿಕಾರಿ ದಿವಾಕರ ಅವರೇ. ಸುದ್ದಿಯನ್ನು ಬೊಮ್ಮಯ್ಯ ಮನೆಮನೆಗೆ ಮುಟ್ಟಿಸಿದ್ದಾರೆ. ಮಾತಾಡುವವರ ಹೆಸರಿನ ಪಟ್ಟಿಯಲ್ಲಿ ಲಕ್ಕಿ ಬೀರ ಗೌಡ ಮೊದಲನೆಯವರು. ಸಭೆ ಬರುವ ಬುಧವಾರ ಬೆಳಿಗ್ಗೆ, ಮರಳಕೊಪ್ಪದ ಶಾಲೆಯಲ್ಲಿ.